ಕೇಬಲ್ಲಿನಲ್ಲೂ ಇಲ್ಲ, ವೈಫೈನಲ್ಲೂ ಇಲ್ಲ: ಗಂಗಾವತಿಯ ರೈಸ್ ಮಿಲ್ಲಿನ ಒಂದು ಲಿನಕ್ಸ್ ಕಂಪ್ಯೂಟರ್

ಇದು ಕೊಪ್ಪಳ ಜಿಲ್ಲೆಯ ಗಂಗಾವತಿ ಭಾಗದ ಒಂದು ರೈಸ್ ಮಿಲ್ಲಿನ ಪ್ರಕರಣ. ಮಿಲ್ಲಿನ ಹೆಸರು, ಮಾಲೀಕರ ಹೆಸರು, ನೆಟ್ ಕೊಡುವ ಕಂಪನಿಯ ಹೆಸರು ಇಲ್ಲಿ ಬೇಡ. ಗುರುತು ಸಿಗದಿರಲಿ ಎಂದು ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ನೆಟ್‌ವರ್ಕಿಗೆ ಸಂಬಂಧಿಸಿದ್ದು ಮಾತ್ರ ಇದ್ದ ಹಾಗೇ ಇದೆ.

ಹಿನ್ನೆಲೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದಾಗಿ ಈ ಕಡೆ ಭತ್ತ ಜಾಸ್ತಿ, ಭತ್ತ ಇದ್ದಲ್ಲಿ ಮಿಲ್ಲು ಜಾಸ್ತಿ. ಈ ಮಿಲ್ಲಿನ ಆಫೀಸು ಗೇಟಿನ ಪಕ್ಕ, ತೂಕದ ಕಾಂಟಾಕ್ಕೆ ಹೊಂದಿಕೊಂಡಿದೆ. ಒಳಗೆ ಎರಡು ಕಂಪ್ಯೂಟರ್. ಒಂದರಲ್ಲಿ ವಿಂಡೋಸ್, ಅದು ಲೆಕ್ಕದ ಸಾಫ್ಟ್‌ವೇರಿಗೆ. ಇನ್ನೊಂದು ಹಳೆಯ ಡೆಸ್ಕ್‌ಟಾಪ್, ಅದರಲ್ಲಿ ಡೆಬಿಯನ್ 12 ಎಂಬ ಲಿನಕ್ಸ್. ವೈರಸ್ ಕಾಟಕ್ಕೆ ಬೇಸತ್ತು ಮಾಲೀಕರ ಸಂಬಂಧಿಯೊಬ್ಬರು ಹಾಕಿಕೊಟ್ಟಿದ್ದು. ಗೇಟಿನ ಬಿಲ್ಲು ಮತ್ತು ಇ-ವೇ ಬಿಲ್ಲು (ಸರಕು ಸಾಗಿಸಲು ಆನ್‌ಲೈನಿನಲ್ಲಿ ಪಡೆಯುವ ಪತ್ರ) ಬ್ರೌಸರಿನಲ್ಲೇ ಆಗುತ್ತದೆ, ಪ್ರಿಂಟರ್ ಕೆಲಸ ಮಾಡುತ್ತದೆ. ಅಷ್ಟು ಸಾಕಿತ್ತು.

ಆದರೆ ನೆಟ್ ಇರಲೇಬೇಕು. 2022ರ ಜುಲೈನಿಂದ 25 ಕೆಜಿವರೆಗಿನ ಲೇಬಲ್ ಹಾಕಿದ ಅಕ್ಕಿ ಚೀಲಕ್ಕೆ ಜಿಎಸ್‌ಟಿ ಬಂದಿದೆ. ಅಂಥ ಲೋಡಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಇಲ್ಲದೆ ಲಾರಿ ಹೊರಡುವ ಹಾಗಿಲ್ಲ. ಒಂದು ಲಾರಿ ಎಂದರೆ 50,000 ಯಾವ ಲೆಕ್ಕ? ನೆಟ್ ಹೋದ ಗಂಟೆಗಟ್ಟಲೆ ಡ್ರೈವರ್ ಕಿಟಕಿ ಹತ್ತಿರ ನಿಂತು ಗೊಣಗುತ್ತಿರುತ್ತಾನೆ.

ಫೈಬರ್ ಬಂದು ಸೇರುವ ಪೆಟ್ಟಿಗೆ ಕಾಂಪೌಂಡಿನ ಒಳಗಿರುವ ಮಾಲೀಕರ ಮನೆಯ ಮಹಡಿಯಲ್ಲಿದೆ. ಅದರಲ್ಲೇ ವೈಫೈ ಕೂಡ ಇದೆ. ಅಲ್ಲಿಂದ ಆಫೀಸಿಗೆ ಲ್ಯಾನ್ ಕೇಬಲ್ ಎಳೆದಿದ್ದಾರೆ. ಕೇಬಲ್ ನೇರವಾಗಿ ಬಂದಿದೆ ಎಂದು ಎಲ್ಲರೂ ನಂಬಿದ್ದರು.

ತೊಂದರೆ

"ಕೇಬಲ್ ಹಾಕಿದ್ರೂ ನೆಟ್ ಬರವಲ್ದು, ವೈಫೈ ಹಾಕಿದ್ರೂ ಬರವಲ್ದು ನೋಡ್ರಿ. ಬಾಜೂ ವಿಂಡೋಸ್‌ನ್ಯಾಗ ಮಾತ್ರ ಬರ್ತೈತಿ." ಬಿಲ್ ಬರೆಯುವ ಹುಡುಗ ಫೋನಿನಲ್ಲಿ ಹೇಳಿದ್ದು ಇಷ್ಟೇ. ಮಾಲೀಕರು ಆಗಲೇ ತೀರ್ಪು ಕೊಟ್ಟಾಗಿತ್ತು: ಲಿನಕ್ಸ್ ಸರಿ ಇಲ್ಲ, ತೆಗೆದು ವಿಂಡೋಸ್ ಹಾಕಿ.

ವಿಚಿತ್ರ ಎಂದರೆ ತೊಂದರೆ ದಿನಾ ಇರಲಿಲ್ಲ. ಕೆಲವು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಚೆನ್ನಾಗಿ ನಡೆಯುತ್ತಿತ್ತು. ಕೆಲವು ದಿನ ಒಂದು ಪುಟವೂ ತೆರೆಯುತ್ತಿರಲಿಲ್ಲ. ಕರೆಂಟ್ ಹೋಗಿ ಬಂದ ಮೇಲೆ ಕೆಡುವುದು ಜಾಸ್ತಿ. ಮೂಲೆಯ ಐಕಾನ್ ಮಾತ್ರ ಯಾವಾಗಲೂ ಕನೆಕ್ಟೆಡ್ ಎಂದೇ ತೋರಿಸುತ್ತಿತ್ತು.

ಹಿಂದೆ ಬಂದವರು ಸುಮ್ನೆ ಕೂತಿರಲಿಲ್ಲ. ಒಬ್ಬರು ಡಿಎನ್‌ಎಸ್ (ಸೈಟಿನ ಹೆಸರಿಗೆ ಅಂಕಿಯ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸಿ ಗೂಗಲ್‌ನ 8.8.8.8 ಹಾಕಿದ್ದರು. ಉಪಯೋಗವಾಗಲಿಲ್ಲ. ಇನ್ನೊಬ್ಬರು ಯುಎಸ್‌ಬಿ ವೈಫೈ ಡಾಂಗಲ್ ಕೆಟ್ಟಿದೆ ಎಂದು ಹೊಸದು ತರಿಸಿದ್ದರು. ಅದೂ ಹಾಗೇ. ಕೊನೆಗೆ ಡೆಬಿಯನ್ನನ್ನೇ ಅಳಿಸಿ ಮತ್ತೆ ಹಾಕಿದರು. ಆಗ ಸ್ವಲ್ಪ ದಿನ ಸರಿ ಹೋಯಿತು, ಆಮೇಲೆ ಮತ್ತೆ ಅದೇ ಕಥೆ. ಈ ಸ್ವಲ್ಪ ದಿನದ ಯಶಸ್ಸು ತುಂಬಾ ದಾರಿ ತಪ್ಪಿಸಿತು. ಮತ್ತೆ ಹಾಕಿದಾಗ ಸರಿಯಾಯಿತು ಎಂದರೆ ತಪ್ಪು ಕಂಪ್ಯೂಟರಿನೊಳಗೇ ಇರಬೇಕು ಎಂದು ಎಲ್ಲರೂ ಗಟ್ಟಿಯಾಗಿ ನಂಬಿದರು. ಯಾರಿಗಾದರೂ ಹಾಗೇ ಅನ್ನಿಸುತ್ತದೆ ಅಲ್ವಾ?

ನೆಟ್ ಇದ್ದ ದಿನ ಹುಡುಕಾಟ

ನಾನು ಹೋದ ದಿನ ಎಲ್ಲ ಸರಿ ಇತ್ತು. ಕೇಬಲ್ಲಿನಲ್ಲೂ ನೆಟ್, ವೈಫೈನಲ್ಲೂ ನೆಟ್. ಇಂಥ ಹೊತ್ತಿನಲ್ಲಿ "ಹೋದಾಗ ಫೋನ್ ಮಾಡಿ" ಎಂದು ಹೇಳಿ ವಾಪಸ್ ಬರುವುದೇ ವಾಡಿಕೆ. ಆದರೆ ಲಿನಕ್ಸಿನಲ್ಲಿ ಹಳೆಯದೆಲ್ಲ ಬರೆದಿರುತ್ತದೆ. ಕಾಯುವ ಬದಲು ಅದನ್ನು ಓದೋಣ ಎಂದು ಕೂತೆ.

ಹುಡುಗನನ್ನು ಕೇಳಿದೆ, ಯಾವ ಯಾವ ದಿನ ನೆಟ್ ಇರಲಿಲ್ಲ ಎಂದು. ಅವನಿಗೆ ನೆನಪಿಲ್ಲ. ಆದರೆ ಗೇಟ್ ರಿಜಿಸ್ಟರ್ ಇತ್ತು! ಲಾರಿ ನಂಬರ್, ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು, ಕೊನೆಯ ಕಾಲಂನಲ್ಲಿ ಅಲ್ಲಲ್ಲಿ "ಬಿಲ್ ತಡ". ಆ ತಾರೀಖುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡೆ.

ಟರ್ಮಿನಲ್ ತೆಗೆದು ಜರ್ನಲ್‌ಸಿಟಿಎಲ್ ಆದೇಶದಿಂದ ನೆಟ್‌ವರ್ಕ್ ಮ್ಯಾನೇಜರಿನ ದಾಖಲೆ ನೋಡಿದೆ. ಕಂಪ್ಯೂಟರಿಗೆ ಪ್ರತಿ ಸಲ ಯಾವ ಐಪಿ ವಿಳಾಸ (ನೆಟ್‌ವರ್ಕಿನೊಳಗೆ ಅದರ ಗುರುತಿನ ಸಂಖ್ಯೆ) ಸಿಕ್ಕಿತು ಎಂಬುದು ಅಲ್ಲಿ ಇರುತ್ತದೆ. ಈ ವಿಳಾಸ ಹಂಚುವ ವ್ಯವಸ್ಥೆಗೆ ಡಿಎಚ್‌ಸಿಪಿ ಎನ್ನುತ್ತಾರೆ, ಆ ಹೆಸರಿರುವ ಸಾಲುಗಳನ್ನಷ್ಟೇ ಸೋಸಿಕೊಂಡರೆ ಸಾಕು. ಚೆನ್ನಾಗಿದ್ದ ದಿನಗಳಲ್ಲಿ ವಿಳಾಸ 192.168.1 ಎಂದು ಶುರುವಾಗುತ್ತಿತ್ತು. "ಬಿಲ್ ತಡ" ಎಂದು ಬರೆದ ದಿನಗಳಲ್ಲೆಲ್ಲ 192.168.0 ಎಂದಿತ್ತು.

ಒಂದು ಅಂಕಿಯ ವ್ಯತ್ಯಾಸ. ಅವಸರದಲ್ಲಿ ನೋಡಿದರೆ ಎರಡೂ ಒಂದೇ ಅನ್ನಿಸುತ್ತದೆ. ಹಿಂದೆ ಬಂದವರು ಸಹ ವಿಳಾಸ ನೋಡಿಯೇ ಇರುತ್ತಾರೆ, "ಐಪಿ ಬಂದಿದೆ" ಎಂದು ಮುಂದೆ ಹೋಗಿರುತ್ತಾರೆ. ಬಂದಿದೆಯಾ ಇಲ್ಲವಾ ಎಂಬುದಕ್ಕಿಂತ ಯಾರು ಕೊಟ್ಟರು ಎಂಬುದು ಇಲ್ಲಿ ಮುಖ್ಯವಾಗಿತ್ತು.

ಮನೆಯ ಮಹಡಿಯ ಪೆಟ್ಟಿಗೆ ಕೊಡುವುದು 192.168.1 ಸರಣಿಯನ್ನು ಮಾತ್ರ. ಹಾಗಾದರೆ ಇನ್ನೊಂದನ್ನು ಕೊಡುತ್ತಿದ್ದದ್ದು ಯಾರು?

ನಡುವೆ ಸಿಕ್ಕ ಇಲಿ

ದಾಖಲೆ ಓದುವಾಗಲೇ ಇನ್ನೊಂದು ಕಣ್ಣಿಗೆ ಬಿತ್ತು. ಡಿಮೆಸೇಜ್ ಆದೇಶ ಕೊಟ್ಟರೆ ಕರ್ನಲ್ (ಲಿನಕ್ಸಿನ ತಿರುಳು) ಹೇಳಿದ್ದೆಲ್ಲ ಕಾಣುತ್ತದೆ. ಅದರಲ್ಲಿ ಲ್ಯಾನ್ ಪೋರ್ಟಿನ ಹೆಸರಿನ ಮುಂದೆ "ಲಿಂಕ್ ಡೌನ್", "ಲಿಂಕ್ ಅಪ್" ಎಂದು ಮತ್ತೆ ಮತ್ತೆ ಇತ್ತು. ಕೇಬಲ್ ಕಿತ್ತು ಹಾಕಿದರೆ ಹೀಗಾಗಬೇಕು. ಯಾರೂ ಕಿತ್ತಿರಲಿಲ್ಲ.

ಕೇಬಲ್ ಹಿಡಿದುಕೊಂಡು ಹೋದರೆ ಖಾಲಿ ಚೀಲಗಳ ರಾಶಿಯ ಹಿಂದೆ ಇಲಿ ಕಡಿದಿತ್ತು. ರೈಸ್ ಮಿಲ್ಲಿನಲ್ಲಿ ಇಲಿ ಇಲ್ಲದೆ ಇರುತ್ತದೆಯೇ? ಹೊರಗಿನ ಸಿಪ್ಪೆ ಹೋಗಿ ತಾಮ್ರದ ತಂತಿ ಕಾಣುತ್ತಿತ್ತು, ಮೇಲೆ ತೌಡಿನ ಧೂಳು ಮೆತ್ತಿತ್ತು. ಆ ತುಂಡನ್ನು ಪೂರ್ತಿ ಬದಲಿಸಿ, ಈ ಸಲ ಪೈಪಿನೊಳಗೆ ಎಳೆಸಿದೆವು. ಲಿಂಕ್ ಬೀಳುವುದು ನಿಂತಿತು.

ಮಾಲೀಕರಿಗೆ ಖುಷಿ. "ಸಿಕ್ತಲ್ರೀ ಕಳ್ಳ" ಎಂದರು. ಅಲ್ಲಿಗೇ ಮುಗಿಸಿದ್ದರೆ ಸ್ವಲ್ಪ ದಿನ ಶಾಂತವಾಗಿ ಇದ್ದು ಮತ್ತೆ ಕೆಡುತ್ತಿತ್ತು. ಏಕೆಂದರೆ ಇಲಿಯ ಕಥೆಗೆ 0 ಮತ್ತು 1ರ ವ್ಯತ್ಯಾಸ ಹೊಂದುವುದಿಲ್ಲ. ಕಡಿದ ಕೇಬಲ್ ನೆಟ್ ನಿಲ್ಲಿಸಬಹುದು, ಬೇರೆ ಸರಣಿಯ ವಿಳಾಸ ಕೊಡಲಾರದು. ಒಂದು ದೋಷ ಸಿಕ್ಕ ಕೂಡಲೇ ಉಳಿದ ಪ್ರಶ್ನೆ ಮರೆತುಬಿಡುವುದು ರಿಪೇರಿ ಕೆಲಸದ ದೊಡ್ಡ ಆಮಿಷ.

ಆ ಕಡೆ ಇರುವವರು ಯಾರು

ಹೊಸ ಕೇಬಲ್ ಹಾಕಿದ ಮೇಲೆ ಈಥ್‌ಟೂಲ್ ಎಂಬ ಸಲಕರಣೆಯಿಂದ ಪೋರ್ಟಿನ ಸ್ಥಿತಿ ನೋಡಿದೆ. ಡೆಬಿಯನ್ನಿನಲ್ಲಿ ಅದನ್ನು ಬೇರೆಯಾಗಿ ಹಾಕಿಕೊಳ್ಳಬೇಕಾಗಬಹುದು, ಪೂರ್ತಿ ವಿವರಕ್ಕೆ ರೂಟ್ (ಮುಖ್ಯ ಬಳಕೆದಾರರ) ಅಧಿಕಾರ ಬೇಕು. ವೇಗ ಸೆಕೆಂಡಿಗೆ 100 ಮೆಗಾಬಿಟ್ ಎಂದಿತ್ತು. ಕಂಪ್ಯೂಟರಿನ ಪೋರ್ಟು 1000ದ್ದು, ಮಹಡಿಯ ಪೆಟ್ಟಿಗೆಯ ಪೋರ್ಟೂ 1000ದ್ದೇ. ಮತ್ತೆ 100 ಯಾಕೆ?

ಸಾಮಾನ್ಯವಾಗಿ ಇದಕ್ಕೆ ಕೇಬಲ್ಲನ್ನೇ ದೂರುತ್ತೇವೆ. ಅದರಲ್ಲಿ ಅರ್ಥವಿದೆ. 1000 ಓಡಬೇಕಾದರೆ ಒಳಗಿನ 8 ತಂತಿಗಳೂ ಬೇಕು, 100ಕ್ಕೆ 4 ಸಾಕು. ಒಂದು ಜೋಡಿ ತುಂಡಾದರೆ ವೇಗ ಇಳಿಯುತ್ತದೆ. ಆದರೆ ಈಗಿನ ಕೇಬಲ್ ಹೊಸದು.

ಈಥ್‌ಟೂಲಿನಲ್ಲಿ ಇನ್ನೊಂದು ಸಾಲು ಇರುತ್ತದೆ, ಬಹಳ ಜನ ಅದನ್ನು ಓದುವುದಿಲ್ಲ. ಎದುರಿನ ಯಂತ್ರ ತನಗೆ ಎಷ್ಟು ವೇಗ ಗೊತ್ತು ಎಂದು ಹೇಳಿಕೊಳ್ಳುವ ಸಾಲು, ಲಿಂಕ್ ಪಾರ್ಟ್‌ನರ್ ಎಂದು ಶುರುವಾಗುತ್ತದೆ. ಅಲ್ಲಿ 10 ಮತ್ತು 100 ಮಾತ್ರ ಇತ್ತು, 1000 ಇರಲೇ ಇಲ್ಲ. ಅಂದರೆ ಕೇಬಲ್ಲಿನ ಆ ತುದಿಯಲ್ಲಿ ಇರುವುದು ಮಹಡಿಯ ಪೆಟ್ಟಿಗೆ ಅಲ್ಲವೇ ಅಲ್ಲ. ನಡುವೆ ಯಾವುದೋ ಹಳೆಯ ಪೆಟ್ಟಿಗೆ ಕೂತಿದೆ.

ಗೋಡೆಯ ತೂತಿನಿಂದ ಕೇಬಲ್ ಎಲ್ಲಿಗೆ ಹೋಗುತ್ತದೆ ಎಂದು ಹಿಂದಿನಿಂದ ನೋಡಿದರೆ ಅದು ಕಾಂಟಾದ ಹತ್ತಿರವಿದ್ದ ಕ್ಯಾಮೆರಾದ ಕಬ್ಬಿಣದ ಡಬ್ಬಿಯೊಳಗೆ ಹೋಗುತ್ತಿತ್ತು. ಬೀಗ ತೆಗೆಸಿದೆವು. ರೆಕಾರ್ಡರ್ ಪಕ್ಕದಲ್ಲಿ ಒಂದು ಹಳೆಯ ವೈಫೈ ರೌಟರ್ ಮಿಣಮಿಣ ಅನ್ನುತ್ತಿತ್ತು. ಕ್ಯಾಮೆರಾ ಹಾಕಿದಾಗ ಲ್ಯಾನ್ ಪೋರ್ಟು ಸಾಲದೆ, ಮನೆಯಲ್ಲಿ ಬಿದ್ದಿದ್ದ ರೌಟರನ್ನು ಸ್ವಿಚ್ (ಒಂದು ಕೇಬಲ್ಲನ್ನು ಹಲವು ಪೋರ್ಟಿಗೆ ಹಂಚುವ ಡಬ್ಬಿ) ಥರ ಬಳಸಿದ್ದರು. ಇಂಟರ್ನೆಟ್ ಪೋರ್ಟ್ ಖಾಲಿ, ಉಳಿದ ನಾಲ್ಕರಲ್ಲೂ ಕೇಬಲ್. ಫೋನುಗಳಲ್ಲಿ ಮತ್ತೆ ಪಾಸ್‌ವರ್ಡ್ ಹಾಕುವುದು ಬೇಡ ಎಂದು ಅದರ ವೈಫೈಗೂ ಮನೆಯ ವೈಫೈನ ಹೆಸರು, ಪಾಸ್‌ವರ್ಡನ್ನೇ ಕೊಟ್ಟಿದ್ದರು. ಅದರ ಡಿಎಚ್‌ಸಿಪಿ ಯಾರೂ ಆಫ್ ಮಾಡಿರಲಿಲ್ಲ.

ಏನಾಗುತ್ತಿತ್ತು

ಕಂಪ್ಯೂಟರ್ ನೆಟ್‌ವರ್ಕಿಗೆ ಸೇರುವಾಗ "ನನಗೊಂದು ವಿಳಾಸ ಕೊಡಿ" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗುತ್ತದೆ. ಹೊಸ ಊರಿನಲ್ಲಿ ಬಸ್ಸಿಳಿದವರು ದಾರಿ ಕೇಳಿದ ಹಾಗೆ, ಮೊದಲು ಉತ್ತರ ಕೊಟ್ಟವರನ್ನು ನಂಬುತ್ತದೆ. ಇಲ್ಲಿ ಉತ್ತರ ಕೊಡುವವರು ಇಬ್ಬರು. ಮಹಡಿಯ ಪೆಟ್ಟಿಗೆ ಕೊಟ್ಟರೆ ವಿಳಾಸವೂ ಸರಿ, ಹೊರಗೆ ಹೋಗುವ ದಾರಿಯೂ ಸರಿ. ಹಳೆಯ ರೌಟರ್ ಕೊಟ್ಟರೆ ಅದು "ಹೊರಗೆ ಹೋಗಲು ನನ್ನ ಹತ್ತಿರ ಬಾ, 192.168.0.1" ಅನ್ನುತ್ತದೆ. ಅದಕ್ಕೇ ಹೊರಗಿನ ದಾರಿ ಇಲ್ಲ.

ಕ್ಯಾಮೆರಾ ಡಬ್ಬಿಗೆ ಯುಪಿಎಸ್ ಇತ್ತು, ಮಹಡಿಯ ಪೆಟ್ಟಿಗೆಗೆ ಇರಲಿಲ್ಲ. ಕರೆಂಟ್ ಹೋಗಿ ಬಂದಾಗ ಮಹಡಿಯದ್ದು ಎದ್ದು ಫೈಬರ್ ಹಿಡಿಯುವ ಹೊತ್ತಿಗೆ ಕಂಪ್ಯೂಟರ್ ಆಗಲೇ ಹಳೆಯ ರೌಟರಿನ ಮಾತು ಕೇಳಿಯಾಗಿರುತ್ತಿತ್ತು. ಒಮ್ಮೆ ಯಾರ ಹತ್ತಿರ ವಿಳಾಸ ಪಡೆಯಿತೋ, ಆ ವಿಳಾಸಕ್ಕೆ ಕೊಟ್ಟ ಅವಧಿ ಅರ್ಧ ಮುಗಿದಾಗ ಮತ್ತೆ ಅವರನ್ನೇ ಕೇಳಿ ನವೀಕರಿಸಿಕೊಳ್ಳುತ್ತದೆ. ಹಾಗಾಗಿ ಬೆಳಿಗ್ಗೆ ಕೆಟ್ಟರೆ ದಿನವಿಡೀ ಕೆಟ್ಟಂತೆಯೇ. ಇಲಿ ಕಡಿದ ಕೇಬಲ್ ಸೇರಿಕೊಂಡು ಕೆಲಸ ಇನ್ನೂ ಕೆಡಿಸಿತ್ತು: ಲಿಂಕ್ ಬಿದ್ದು ಎದ್ದಾಗಲೆಲ್ಲ ಕಂಪ್ಯೂಟರ್ ಹೊಸದಾಗಿ ಕೂಗಬೇಕು, ತಪ್ಪು ಉತ್ತರ ಸಿಗಲು ಇನ್ನೊಂದು ಅವಕಾಶ.

ವೈಫೈ ಯಾಕೆ ಕೆಡುತ್ತಿತ್ತು? ಡಾಂಗಲ್ ಹತ್ತಿರದ ಸಿಗ್ನಲ್ ಹಿಡಿಯುತ್ತದೆ. ಹತ್ತಿರದ್ದು ಕ್ಯಾಮೆರಾ ಡಬ್ಬಿಯದ್ದು. ಕಡ್ಡಿ ಪೂರ್ತಿ, ನೆಟ್ ಸೊನ್ನೆ. ಎನ್‌ಎಂಸಿಎಲ್‌ಐ ಆದೇಶದಲ್ಲಿ ವೈಫೈ ಪಟ್ಟಿ ತೆಗೆದರೆ ಒಂದೇ ಹೆಸರು ಎರಡು ಸಾಲಿನಲ್ಲಿ, ಬೇರೆ ಬೇರೆ ಬಿಎಸ್‌ಎಸ್‌ಐಡಿ (ಪ್ರತಿ ವೈಫೈ ಪೆಟ್ಟಿಗೆಯ ಸ್ವಂತ ಗುರುತು) ಜೊತೆ ಕಾಣುತ್ತಿತ್ತು. ಮೇಲಿನ ಐಕಾನಿನಲ್ಲಿ ಎರಡೂ ಸೇರಿ ಒಂದೇ ಹೆಸರಾಗಿ ತೋರುತ್ತದೆ, ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ.

ಇದರಲ್ಲಿ ಇನ್ನೊಂದು ಒಳಸುಳಿ ಇತ್ತು. ವೈಫೈ ಅಪರೂಪಕ್ಕೆ ಮಹಡಿಯ ಸಿಗ್ನಲ್ಲನ್ನೇ ಹಿಡಿದರೂ, ಕೇಬಲ್ ಸಿಕ್ಕಿಸಿದ್ದರೆ ನೆಟ್ ಬರುತ್ತಿರಲಿಲ್ಲ. ಐಪಿ ರೂಟ್ ಆದೇಶ ಕೊಟ್ಟರೆ ಹೊರಗೆ ಹೋಗುವ ಎರಡು ಡೀಫಾಲ್ಟ್ ದಾರಿ ಕಾಣುತ್ತವೆ. ನೆಟ್‌ವರ್ಕ್ ಮ್ಯಾನೇಜರ್ ಕೇಬಲ್ಲಿಗೆ 100, ವೈಫೈಗೆ 600 ಎಂಬ ಮೆಟ್ರಿಕ್ ಕೊಡುತ್ತದೆ. ಸಣ್ಣ ಸಂಖ್ಯೆಗೇ ಮೊದಲ ಮಣೆ. ಕೆಲವು ಲಿನಕ್ಸ್‌ಗಳಲ್ಲಿ ಆಗಾಗ ನೆಟ್ ನಿಜವಾಗಿ ಇದೆಯಾ ಎಂದು ಪರೀಕ್ಷಿಸಿ, ಇಲ್ಲದ ದಾರಿಯನ್ನು ಹಿಂದೆ ತಳ್ಳುವ ವ್ಯವಸ್ಥೆ ಇರುತ್ತದೆ. ಉಬುಂಟು ಡೆಸ್ಕ್‌ಟಾಪಿನಲ್ಲಿ ಅದು ಮೊದಲೇ ಬರುತ್ತದೆ. ಡೆಬಿಯನ್ನಿನಲ್ಲಿ ಅದಕ್ಕೆ ಬೇರೆ ಪ್ಯಾಕೇಜ್ ಹಾಕಿಕೊಳ್ಳಬೇಕು. ಇಲ್ಲಿ ಹಾಕಿರಲಿಲ್ಲ. ಕುರುಡು ದಾರಿಯಾದರೂ ಸರಿ, ಕೇಬಲ್ಲಿನದೇ ಮುಂದೆ.

ವಿಂಡೋಸ್ ಯಾಕೆ ಯಾವತ್ತೂ ಕೆಡಲಿಲ್ಲ ಎಂಬುದಕ್ಕೆ ಉತ್ತರ ಸುಲಭ. ಲೆಕ್ಕದ ಫೈಲನ್ನು ಮಾಲೀಕರ ಲ್ಯಾಪ್‌ಟಾಪಿನಿಂದಲೂ ತೆರೆಯಬೇಕೆಂದು ಅದಕ್ಕೆ ಐಪಿ ವಿಳಾಸ ಕೈಯಿಂದಲೇ ಹಾಕಿದ್ದರು. ಅದು ಯಾರನ್ನೂ ಕೇಳುವುದೇ ಇಲ್ಲ. ಕ್ಯಾಮೆರಾ ರೆಕಾರ್ಡರಿಗೂ ಹಾಗೇ. ಲಿನಕ್ಸ್ ಕಂಪ್ಯೂಟರ್ ಮಾತ್ರ ಪ್ರತಿದಿನ ಕೇಳುತ್ತಿತ್ತು, ಬೈಸಿಕೊಳ್ಳುತ್ತಿತ್ತು. ಹಮಾಲರ, ಗುಮಾಸ್ತರ ಫೋನುಗಳಿಗೂ ಇದೇ ತಪ್ಪು ವಿಳಾಸ ಸಿಗುತ್ತಿದ್ದಿರಬೇಕು. ಆದರೆ ವೈಫೈನಲ್ಲಿ ನೆಟ್ ಇಲ್ಲದಿದ್ದರೆ ಆಂಡ್ರಾಯ್ಡ್ ಸದ್ದಿಲ್ಲದೆ ಮೊಬೈಲ್ ಡೇಟಾಗೆ ಹೋಗುತ್ತದೆ. ಯಾರೂ ದೂರಲಿಲ್ಲ.

ಖಚಿತ ಮಾಡಿಕೊಂಡದ್ದು

ಊಹೆ ಚೆನ್ನಾಗಿತ್ತು, ಸಾಕ್ಷಿ ಬೇಕಿತ್ತು. ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಕಂಪ್ಯೂಟರಿಗೆ ಸೇರಿಸಿ ಟೆದರಿಂಗ್ (ಫೋನಿನ ನೆಟ್ ಕಂಪ್ಯೂಟರಿಗೆ ಕೊಡುವುದು) ಆನ್ ಮಾಡಿದೆ. ಲಿನಕ್ಸಿನಲ್ಲಿ ಇದಕ್ಕೆ ಡ್ರೈವರ್ ಹುಡುಕುವ ಗೋಜಿಲ್ಲ, ಚುಚ್ಚಿದರೆ ಆಯಿತು. ನೆಟ್ ಕೆಟ್ಟ ಕಂಪ್ಯೂಟರಿಗೆ ಪ್ಯಾಕೇಜ್ ಇಳಿಸಲು ಇಷ್ಟು ಒಳ್ಳೆಯ ಉಪಾಯ ಇನ್ನೊಂದಿಲ್ಲ. ಎನ್‌ಮ್ಯಾಪ್ ಎಂಬ ನೆಟ್‌ವರ್ಕ್ ತಪಾಸಣೆಯ ಸಲಕರಣೆ ಹಾಕಿ, ಅದರ ಡಿಎಚ್‌ಸಿಪಿ ಹುಡುಕುವ ಸ್ಕ್ರಿಪ್ಟನ್ನು ಲ್ಯಾನ್ ಪೋರ್ಟಿನ ಮೇಲೆ ಓಡಿಸಿದೆ. ಎರಡು ಉತ್ತರ ಬಂದವು, ಎರಡು ಬೇರೆ ವಿಳಾಸಗಳಿಂದ.

ಬೇಕೆಂದೇ ಹಳೆಯ ರೌಟರಿನ ವಿಳಾಸ ಪಡೆದು, 8.8.8.8ಗೆ ಪಿಂಗ್ ಮಾಡಿದೆ, ಅಂದರೆ "ಇದ್ದೀಯಾ" ಎಂದು ಕೇಳಿದೆ. ಸುಮ್ಮನೆ ಕಾಯಿಸಲಿಲ್ಲ. 192.168.0.1 ತಾನೇ ಮುಂದೆ ಬಂದು ನೆಟ್ ಅನ್‌ರೀಚಬಲ್ ಎಂದು ಉತ್ತರ ಕೊಟ್ಟಿತು. ಪಿಂಗ್ ಸೋತಾಗ ಯಾರು ಸೋಲಿನ ಸುದ್ದಿ ತಂದರು ಎಂದು ನೋಡಬೇಕು. ಏನೂ ಉತ್ತರ ಬಾರದಿರುವುದು ಬೇರೆ, ನಡುವಿನವರು "ದಾರಿ ಇಲ್ಲ" ಅನ್ನುವುದು ಬೇರೆ. ಡಿಎನ್‌ಎಸ್ ಬದಲಿಸಿದ್ದು ಯಾಕೆ ಫಲಿಸಲಿಲ್ಲ ಎಂಬುದೂ ಇಲ್ಲೇ ಗೊತ್ತಾಯಿತು. ಹೆಸರಿಲ್ಲದ ಬರೀ ಅಂಕಿಗೇ ದಾರಿ ಇಲ್ಲದಿದ್ದಾಗ ಹೆಸರು ಹುಡುಕುವವರನ್ನು ಬದಲಿಸಿ ಏನು ಪ್ರಯೋಜನ? ಬ್ರೌಸರಿನಲ್ಲಿ 192.168.0.1 ಎಂದು ಹೊಡೆದರೆ ಹಳೆಯ ರೌಟರಿನ ಲಾಗಿನ್ ಪುಟವೇ ತೆರೆಯಿತು. ಇಷ್ಟು ಮೊದಲೇ ಯಾರಾದರೂ ಮಾಡಿದ್ದರೆ ಹೊಸ ಡಾಂಗಲ್ಲಿನ ದುಡ್ಡು ಉಳಿಯುತ್ತಿತ್ತು.

ಏನು ಮಾಡಿದೆವು

ಹಗಲು ಹೊತ್ತಿನಲ್ಲಿ ಕ್ಯಾಮೆರಾ ಡಬ್ಬಿಗೆ ಕೈ ಹಾಕಲು ಮಾಲೀಕರು ಒಪ್ಪಲಿಲ್ಲ. ಕಾಂಟಾದ ಮೇಲೆ ಲಾರಿ ಇರುವಾಗ ಕ್ಯಾಮೆರಾ ನಿಲ್ಲಬಾರದು, ತೂಕದ ಜಗಳ ಬಂದರೆ ಅದೇ ಸಾಕ್ಷಿ. ಅವರ ಮಾತು ಸರಿ. ಸಂಜೆವರೆಗೆ ಲಿನಕ್ಸ್ ಕಂಪ್ಯೂಟರಿಗೂ ಕೈಯಿಂದಲೇ ವಿಳಾಸ ಹಾಕಿದೆ, ಮಹಡಿಯ ಪೆಟ್ಟಿಗೆ ಬೇರೆಯವರಿಗೆ ಹಂಚದ ಸಂಖ್ಯೆಗಳಲ್ಲಿ ಒಂದನ್ನು ಆರಿಸಿ. ಅದೇ ಕೇಬಲ್, ಅದೇ ಹಳೆಯ ರೌಟರಿನ ಮೂಲಕ ನೆಟ್ ಬಂತು. ತಂತಿಯಲ್ಲೂ ಪೋರ್ಟಿನಲ್ಲೂ ತಪ್ಪಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

"ಹಿಂಗೇ ಬಿಟ್ಟುಬಿಡ್ರಿ, ನಡೀತೈತಲ್ಲ" ಎಂದ ಹುಡುಗ. ಬಿಡಬಹುದಿತ್ತು. ಆದರೆ ನಾಳೆ ಇನ್ನೊಂದು ಕಂಪ್ಯೂಟರ್, ನೆಟ್‌ವರ್ಕ್ ಪ್ರಿಂಟರ್ ಬಂದರೆ ಅದಕ್ಕೂ ಇದೇ ರೋಗ. ಕಾರಣ ಡಬ್ಬಿಯೊಳಗೇ ಕೂತಿರುತ್ತದೆ.

ಎರಡು ದಾರಿ ಇದ್ದವು. ಹಳೆಯ ರೌಟರಿನ ಡಿಎಚ್‌ಸಿಪಿ ಆಫ್ ಮಾಡಿ, ಅದರ ವಿಳಾಸವನ್ನು 192.168.1.2ಕ್ಕೆ ಬದಲಿಸಿ ಉಳಿಸಿಕೊಳ್ಳುವುದು ಒಂದು. ಖರ್ಚಿಲ್ಲ. ಆದರೆ ಅದರ ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ. ರೀಸೆಟ್ ಮಾಡಿದರೆ ಡಿಎಚ್‌ಸಿಪಿ ಆನ್ ಆಗಿಯೇ ಏಳುತ್ತದೆ. ಇವತ್ತು ನಾನು ಸರಿ ಮಾಡಿದರೂ ಮುಂದೆ ಯಾರೋ ಸಣ್ಣ ತೂತಿಗೆ ಪಿನ್ ಚುಚ್ಚಿದರೆ ಮತ್ತೆ ಮೊದಲಿನಿಂದ ಶುರು. ಎರಡನೆಯದು, ರೌಟರ್ ತೆಗೆದು 5 ಪೋರ್ಟಿನ ಸಾದಾ ಗಿಗಾಬಿಟ್ ಸ್ವಿಚ್ ಹಾಕುವುದು. ಸ್ವಿಚ್ಚಿಗೆ ಬುದ್ಧಿ ಇಲ್ಲ, ವಿಳಾಸ ಹಂಚುವ ಚಟವೂ ಇಲ್ಲ. ನಾನು ಎರಡನೆಯದನ್ನೇ ಹೇಳಿದೆ. ಲಾರಿಗಳೆಲ್ಲ ಹೋದ ಮೇಲೆ ಸ್ವಿಚ್ ಹಾಕಿ, ಕಂಪ್ಯೂಟರನ್ನು ಮತ್ತೆ ಡಿಎಚ್‌ಸಿಪಿಗೆ ತಂದೆವು. ಈಥ್‌ಟೂಲ್ 1000 ಎಂದು ತೋರಿಸಿತು. ಕರೆಂಟ್ ಹೋಗಿ ಬಂದ ಹಾಗೆ ಎಲ್ಲ ಆಫ್ ಮಾಡಿ ಆನ್ ಮಾಡಿ ನೋಡಿದೆವು, ವಿಳಾಸ 192.168.1 ಎಂದೇ ಬಂತು. ಆಮೇಲೆ ಗೇಟ್ ರಿಜಿಸ್ಟರಿನಲ್ಲಿ ನೆಟ್ ಕಾರಣಕ್ಕೆ "ಬಿಲ್ ತಡ" ಬರೆದಿಲ್ಲ ಎಂದು ಹುಡುಗ ಹೇಳಿದ.

ಎಲ್ಲರಿಗೂ ಖುಷಿಯಾಗಲಿಲ್ಲ. ಹಳೆಯ ರೌಟರ್ ಹೋದ ಮೇಲೆ ಗೇಟಿನ ಹತ್ತಿರ ವೈಫೈ ಇಲ್ಲ. ಮಹಡಿಯ ಸಿಗ್ನಲ್ ತಗಡಿನ ಶೆಡ್ ದಾಟಿ ಆಫೀಸಿಗೆ ಬರುವಷ್ಟರಲ್ಲಿ ಒಂದು ಕಡ್ಡಿಗೆ ಇಳಿದಿರುತ್ತದೆ. ಡಾಂಗಲ್ ಈಗ ನಿಜವಾಗಿಯೂ ಕೆಲಸಕ್ಕೆ ಬಾರದು. ಅದನ್ನು ಕಿತ್ತು, ಕೇಬಲ್ ಕೈಕೊಟ್ಟರೆ ಫೋನ್ ಟೆದರಿಂಗ್ ಮಾಡುವುದನ್ನು ಹುಡುಗನಿಗೆ ತೋರಿಸಿಕೊಟ್ಟಿದ್ದೇನೆ. ಗೇಟಿಗೆ ಬೇರೆ ವೈಫೈ ಆಕ್ಸೆಸ್ ಪಾಯಿಂಟ್ ಹಾಕಿಸಿ ಎಂದು ಮಾಲೀಕರಿಗೆ ಹೇಳಿದ್ದೇನೆ, ಈ ಸಲ ಬೇರೆ ಹೆಸರಿನಲ್ಲಿ, ಡಿಎಚ್‌ಸಿಪಿ ಇಲ್ಲದೆ. ಸುಗ್ಗಿ ಮುಗೀಲಿ ನೋಡೋಣ ಅಂದಿದ್ದಾರೆ. ಮಹಡಿಯ ಪೆಟ್ಟಿಗೆಗೆ ಯುಪಿಎಸ್ ಕೂಡ ಅದೇ ಪಟ್ಟಿಯಲ್ಲಿದೆ.